ಬೆಳಗಿನ ಸುದ್ದಿಯ ಹೆಂಗಸರನ್ನು ಎಣಿಸುವ ತ್ರಿಫೋನಿಯಾ

ಬೆಳಿಗ್ಗೆ ಐದು ಗಂಟೆ ಐವತ್ತೈದು ನಿಮಿಷ. ಜೊಂಬಾ ಬೆಟ್ಟದ ನೆತ್ತಿ ಇನ್ನೂ ಮಂಜಿನೊಳಗೇ ಇದೆ. ಬೆಟ್ಟದ ಬುಡದ ಬಡಾವಣೆಯಲ್ಲಿ, ತಗಡಿನ ಸೂರಿನ ಮನೆಯೊಂದರ ಜಗಲಿಯ ಮೇಲೆ ತ್ರಿಫೋನಿಯಾ ಲಿಕೊಂಗ್ವೆ ಗೋಡೆಗೆ ಬೆನ್ನು ಕೊಟ್ಟು, ಕಾಲು ನೀಡಿ ಕೂತಿದ್ದಾರೆ. ತೊಡೆಯ ಮೇಲೊಂದು ಹಲಗೆ, ಹಲಗೆಯ ಮೇಲೆ ಗೆರೆ ಎಳೆದ ಹಾಳೆ. ಬಲಗೈಯಲ್ಲಿ ಪೆನ್ಸಿಲ್, ಎಡಗೈಯಲ್ಲಿ ಓಟದ ಪಂದ್ಯಕ್ಕೆ ಬಳಸುವಂಥ ಸ್ಟಾಪ್‌ವಾಚ್. ಪಕ್ಕದಲ್ಲಿ ರೇಡಿಯೊ. ಅದರ ಹಿಡಿಕೆ ಮುರಿದು ಎಷ್ಟೋ ವರ್ಷವಾಗಿದೆ, ಬಟ್ಟೆಯ ಪಟ್ಟಿ ಕಟ್ಟಿದ್ದಾರೆ.

ಆರಕ್ಕೆ ಸರಿಯಾಗಿ ಚಿಚೇವಾ ಭಾಷೆಯ ವಾರ್ತೆ ಶುರುವಾಗುತ್ತದೆ. ತ್ರಿಫೋನಿಯಾ ಕಣ್ಣು ಮುಚ್ಚುತ್ತಾರೆ. ಬೇಲಿಯಾಚೆ ಒಲೆ ಹೊತ್ತಿಸಿ ಮಂಡಾಸಿ ಎಂಬ ಸಿಹಿಹಿಟ್ಟಿನ ಉಂಡೆ ಕರಿಯುತ್ತಿರುವ ನೆರೆಮನೆಯ ಮರ್ಯಾಮು ಕೂಡ ಈ ಕಾಲು ಗಂಟೆ ಗಿರಾಕಿಗಳ ಜೊತೆ ಕೈಸನ್ನೆಯಲ್ಲೇ ವ್ಯವಹಾರ ನಡೆಸುತ್ತಾಳೆ. ಮಂತ್ರಿಯೊಬ್ಬರು ಮಾತಾಡುತ್ತಾರೆ, ಪೆನ್ಸಿಲ್ ಹಾಳೆಯ ಒಂದು ಚೌಕದಲ್ಲಿ ಗುರುತು ಹಾಕಿ ನಲವತ್ತೊಂದು ಸೆಕೆಂಡು ಎಂದು ಬರೆಯುತ್ತದೆ. ಪೊಲೀಸ್ ಅಧಿಕಾರಿ, ಇಪ್ಪತ್ತೆರಡು. ಫುಟ್‌ಬಾಲ್ ತರಬೇತುದಾರ, ಹತ್ತೊಂಬತ್ತು. ಮೆಕ್ಕೆಜೋಳದ ಬೆಲೆಯ ಬಗ್ಗೆ ಒಂದು ಹೆಣ್ಣುದನಿ, ಆರು. ಮುಕ್ತಾಯದ ಸಂಗೀತ ಬಂದ ಮೇಲೆಯೇ ಅವರು ಕಣ್ಣು ತೆರೆಯುವುದು.

"ಏನಕ್ಕಾ, ಇವತ್ತು ನಮ್ಮೋರು ಎಷ್ಟು ಜನ?" ಬೇಲಿಯಾಚೆಯಿಂದ ಮರ್ಯಾಮು ಕೇಳುತ್ತಾಳೆ.

"ಹನ್ನೊಂದು ದನಿ. ಅದರಲ್ಲಿ ಹೆಂಗಸರು ಎರಡು. ಒಬ್ಬಳಿಗೆ ಹೆಸರಿದೆ."

"ಇನ್ನೊಬ್ಬಳು?"

"ಸಂತೆಯ ಒಬ್ಬ ಮಹಿಳೆ ಅಂದ್ರು."

"ಹಾಗಾದ್ರೆ ಅದು ನಾನೇ ಇರ್ಬೇಕು ಬಿಡು," ಎಂದು ಮರ್ಯಾಮು ಮಂಡಾಸಿ ಮಗುಚುತ್ತಾಳೆ.

ಎಪ್ಪತ್ತೊಂದು ವರ್ಷದ ತ್ರಿಫೋನಿಯಾ ಇಪ್ಪತ್ತು ವರ್ಷಗಳಿಂದ ಮಾಡುತ್ತಿರುವ ಕೆಲಸ ಇದು. ಸುದ್ದಿಯಲ್ಲಿ ಯಾರು ಮಾತಾಡುತ್ತಾರೆ, ಎಷ್ಟು ಹೊತ್ತು, ಯಾವ ಹೆಸರಲ್ಲಿ, ಯಾವ ನೆಲೆಯಲ್ಲಿ ಎಂದು ಎಣಿಸುವುದು. ಬೆಟ್ಟದ ದಾರಿಯ ಕಾಲೇಜಿನಲ್ಲಿ ಪಾಠ ಮಾಡುವ ಮಡಾಲೊ ಸಿಂಗಿನಿಯವರು ಕಟ್ಟಿದ ಪುಟ್ಟ ಗುಂಪೊಂದು ಪ್ರತಿ ತಿಂಗಳು ಒಂದು ವಾರ ಹೀಗೆ ಎಣಿಸುತ್ತದೆ. ಅದಲ್ಲದೆ ಐದು ವರ್ಷಕ್ಕೊಮ್ಮೆ ದೊಡ್ಡ ಎಣಿಕೆಯ ದಿನ ಬರುತ್ತದೆ. ಅವತ್ತು ದೇಶದೇಶಗಳಲ್ಲಿ ಇವರಂಥವರು ಪತ್ರಿಕೆ, ರೇಡಿಯೊ, ಟೀವಿಗಳ ಮುಂದೆ ಕೂತು ಒಂದೇ ಬಗೆಯ ಹಾಳೆ ತುಂಬುತ್ತಾರೆ. ಎಲ್ಲ ಸೇರಿಸಿದರೆ ಆ ಒಂದು ದಿನದ ಜಗತ್ತಿನ ಸುದ್ದಿಯಲ್ಲಿ ಹೆಣ್ಣು ಎಷ್ಟಿದ್ದಾಳೆ, ಎಲ್ಲಿದ್ದಾಳೆ ಎಂಬುದು ಗೊತ್ತಾಗುತ್ತದೆ. ತ್ರಿಫೋನಿಯಾ ಅಂಥ ಐದು ಎಣಿಕೆ ಮಾಡಿದ್ದಾರೆ. ಸಂಬಳವಿಲ್ಲ. ಅಂಗಳದಲ್ಲಿ ಬೆಳೆದ ಸೊಪ್ಪು, ಸಣ್ಣ ಪಿಂಚಣಿ, ಅಷ್ಟರಲ್ಲಿ ಜೀವನ.

ಹಾಳೆಯಲ್ಲಿ ಮೂವತ್ತೊಂದು ಪ್ರಶ್ನೆಗಳಿವೆ. ಮಾತಾಡಿದವರು ಗಂಡಸೋ ಹೆಂಗಸೋ? ಹೆಸರು ಹೇಳಿದರೋ ಇಲ್ಲವೋ? ತಿಳಿದವರೆಂದು ಕರೆದರೋ, ಅಧಿಕಾರಿಯೆಂದೋ, ಕಣ್ಣಾರೆ ಕಂಡವರೆಂದೋ? ಯಾರದೋ ಹೆಂಡತಿ, ಯಾರದೋ ತಾಯಿ ಎಂದು ಗುರುತಿಸಿದರೋ? ಕಳೆದ ತಿಂಗಳ ವಾರದಲ್ಲಿ ದಿನಕ್ಕೆ ಮೂರರಂತೆ ಇಪ್ಪತ್ತೊಂದು ವಾರ್ತೆ ಕೇಳಿ ಅವರು ಬರೆದಿಟ್ಟದ್ದು ಇನ್ನೂರ ಇಪ್ಪತ್ತೆಂಟು ದನಿಗಳನ್ನು. ಅದರಲ್ಲಿ ಹೆಂಗಸರು ಐವತ್ತೊಂದು. ಹೆಸರು ಹೇಳಿಸಿಕೊಂಡವರು ಮೂವತ್ತಮೂರು. ವಿಷಯ ಬಲ್ಲವರು ಎಂದು ಕರೆಸಿಕೊಂಡವರು ಆರೇ ಆರು.

"ಆರರಲ್ಲಿ ಮೂರು ಸಲ ಒಬ್ಬಳೇ," ಎಂದು ಅವರೇ ಸೇರಿಸುತ್ತಾರೆ. "ಆ ದಂತವೈದ್ಯೆ. ಪಾಪ, ಹಲ್ಲಿನ ಬಗ್ಗೆ ಇನ್ನೆಷ್ಟು ಅಂತ ಮಾತಾಡ್ತಾಳೆ?"

ಈ ಕಿವಿ ತಯಾರಾದದ್ದು ಟೆಲಿಫೋನ್ ವಿನಿಮಯ ಕೇಂದ್ರದಲ್ಲಿ. ತಂದೆ ಸರಕಾರಿ ಬಂಗಲೆಯೊಂದರ ಅಡುಗೆಯವರು. ಮಗಳು ಎಂಟನೇ ತರಗತಿ ಮುಗಿಸಿ, ಇಪ್ಪತ್ತನೇ ವಯಸ್ಸಿಗೆ ತಲೆಗೆ ಹೆಡ್‌ಸೆಟ್ ಏರಿಸಿಕೊಂಡು, ಕರೆಗಳನ್ನು ಜೋಡಿಸುವ ಟೆಲಿಫೋನ್ ಹಲಗೆಯ ಮುಂದೆ ಕೂತರು. ಇಪ್ಪತ್ತೆರಡು ವರ್ಷ ಕೂತರು. ಕರೆ ಮಾಡಿದವರು ಬಾಯಿ ತೆರೆದು ಒಂದು ಪದ ಹೇಳುವಷ್ಟರಲ್ಲಿ ಯಾರೆಂದು ತಿಳಿಯುತ್ತಿತ್ತು. ನೆಗಡಿಯಾಗಿದ್ದರೂ, ಹೆದರಿದ್ದರೂ, ಕುಡಿದಿದ್ದರೂ ತಿಳಿಯುತ್ತಿತ್ತು. "ಮಾತು ಕೇಳಿಸ್ಕೋಬಾರದು ಅಂತ ನಿಯಮ. ನಾವು ಕೇಳಿಸ್ಕೊಳ್ತಿರ್ಲಿಲ್ಲ. ಆದ್ರೆ ಯಾರ ದನಿ ಅಂತ ಗೊತ್ತಾಗೋದನ್ನ ಹೇಗೆ ತಡೆಯೋದು?"

ಅಲ್ಲಿಗೆ ಹೊಸ ಹಲಗೆ ಬಂದ ದಿನದ ಕಥೆಯನ್ನು ಅವರು ನಗುತ್ತಲೇ ಹೇಳುತ್ತಾರೆ. ಪತ್ರಿಕೆಯ ಛಾಯಾಗ್ರಾಹಕ ಬಂದಿದ್ದ. ಹಲಗೆ ಚೆನ್ನಾಗಿ ಕಾಣಲಿ ಎಂದು ಅದರ ಮುಂದೆ ಕೂತಿದ್ದ ಆರು ಜನ ಹೆಂಗಸರನ್ನು ಎಬ್ಬಿಸಿ ಪಕ್ಕಕ್ಕೆ ನಿಲ್ಲಿಸಿದರು. ಎಂಜಿನಿಯರ್ ಒಬ್ಬರೇ ಹಲಗೆಯ ಮೇಲೆ ಕೈಯಿಟ್ಟು ನಿಂತರು. "ಚಿತ್ರದಲ್ಲಿ ನಮ್ಮ ಹೆಡ್‌ಸೆಟ್‌ಗಳು ಬಿದ್ದಿದ್ವು, ಕುರ್ಚಿ ಮೇಲೆ. ಮನೆಗೆ ತಂದು ಅಪ್ಪನಿಗೆ ತೋರಿಸಿದೆ. ಇದು ನಂದು, ಎಡಗಡೆಯಿಂದ ಎರಡನೇದು ಅಂತ."

ಯಂತ್ರಗಳು ಬಂದು ಕೇಂದ್ರ ಮುಚ್ಚಿದ ಮೇಲೆ ಅವರಿಗೆ ಸಿಕ್ಕಿದ್ದು ಕಾಲೇಜಿನಲ್ಲಿ ಚಹಾ ಕೊಡುವ ಕೆಲಸ. ಅಲ್ಲಿಯೇ ಮಡಾಲೊ ಅವರ ಕಣ್ಣಿಗೆ ಬಿದ್ದದ್ದು. ಮೊದಲ ಎಣಿಕೆಗೆ ವಿದ್ಯಾರ್ಥಿಗಳನ್ನು ತಯಾರು ಮಾಡುತ್ತಿದ್ದ ಮಡಾಲೊ ಹಿಂದಿನ ದಿನಗಳ ವಾರ್ತೆ ಕೇಳಿಸುತ್ತಿದ್ದರು. ಟೇಪಿನಲ್ಲಿ ಒಂದು ಹೆಣ್ಣುದನಿ ಬಂತು. ಬಟ್ಟಲುಗಳನ್ನು ಇಡುತ್ತಿದ್ದ ತ್ರಿಫೋನಿಯಾ ತಮ್ಮಷ್ಟಕ್ಕೆ ಎಂಬಂತೆ ಅಂದರು: "ಇವಳು ನಿನ್ನೆ ಹಾಕಿದ ಮಧ್ಯಾಹ್ನದ ಸುದ್ದೀಲೂ ಇದ್ದಳಲ್ಲ. ನಿನ್ನೆ ತರಕಾರಿ ಮಾರೋಳು ಅಂದಿದ್ರು. ಇವತ್ತು ಐದು ಮಕ್ಕಳ ತಾಯಿ ಅಂತಿದಾರೆ."

"ಟೇಪ್ ಹಿಂದಕ್ಕೆ ಓಡಿಸಿ ನೋಡಿದೆವು," ಎನ್ನುತ್ತಾರೆ ಮಡಾಲೊ. "ಅವರು ಹೇಳಿದ್ದು ನಿಜ. ನನ್ನ ಹುಡುಗರೆಲ್ಲ ಕಥೆ ಕೇಳ್ತಾ ಕೂತಿದ್ದರು, ಇವರು ದನಿ ಕೇಳ್ತಿದ್ದರು. ಮರುದಿನದಿಂದ ಚಹಾ ನಾನೇ ಮಾಡಿದೆ."

ಕೆಲಸ ಸುಲಭದ್ದಲ್ಲ. ಮಳೆಗಾಲದಲ್ಲಿ ತಗಡಿನ ಮೇಲೆ ಮಳೆ ಬಿದ್ದರೆ ರೇಡಿಯೊವನ್ನು ಎದೆಗವಚಿಕೊಂಡು ಕಂಬಳಿ ಹೊದ್ದು ಅದರೊಳಗೇ ಕೇಳಬೇಕು, ಕತ್ತಲಲ್ಲೇ ಗುರುತು ಹಾಕಬೇಕು. ವಿದ್ಯುತ್ತಿನ ನೆಚ್ಚಿಗೆಯಿಲ್ಲ. ಗಂಡ ಬಸ್ ಚಾಲಕರಾಗಿದ್ದರು. ಊಟಕ್ಕೆ ಕೂತಾಗ ಸಂಜೆ ಆರರ ವಾರ್ತೆ ಬಂದರೆ ತಾವೇ ಎದ್ದು ಮೆಕ್ಕೆಜೋಳದ ಮುದ್ದೆ ಎನ್ಸಿಮಾ ಬಡಿಸಿಕೊಂಡು, "ನಿನ್ನ ಗಂಡಸರನ್ನೆಲ್ಲ ಎಣಿಸಿ ಮುಗಿಸಿದ ಮೇಲೆ ಈ ಒಬ್ಬನನ್ನೂ ನೋಡು," ಎನ್ನುತ್ತಿದ್ದರಂತೆ. ಅವರು ತೀರಿಕೊಂಡದ್ದು ಮೂರನೇ ಎಣಿಕೆಯ ಹಿಂದಿನ ದಿನ. ಮನೆತುಂಬ ಜನ, ಅಂಗಳದಲ್ಲಿ ಹಾಡು. ತ್ರಿಫೋನಿಯಾ ಬೆಳಿಗ್ಗೆ ಆರಕ್ಕೆ ಹಿತ್ತಲಿಗೆ ಹೋಗಿ ಹಾಳೆ ತುಂಬಿದರು. ವಾರ್ತೆ ಮುಗಿದ ಮೇಲೆ ಮರಣ ಪ್ರಕಟಣೆಗಳು ಬಂದವು. ಗಂಡನ ಹೆಸರು, ಊರು, ಕೆಲಸ, ಅಣ್ಣತಮ್ಮಂದಿರ ಹೆಸರು ಎಲ್ಲ ಓದಿ, ಪತ್ನಿಯನ್ನೂ ಅಗಲಿದ್ದಾರೆ ಎಂದರು.

ನಿಮ್ಮ ಹೆಸರು ಓದಲಿಲ್ಲವೇ ಎಂದು ನಾನು ಕೇಳಿದೆ. "ಮರಣದ ಪ್ರಕಟಣೆ ಸುದ್ದಿ ಅಲ್ಲ. ಎಣಿಕೆಗೆ ಬರೋದಿಲ್ಲ. ನಾನು ಅದನ್ನ ಎಣಿಸಲಿಲ್ಲ."

ಈ ನಿಯಮಗಳ ವಿಷಯದಲ್ಲಿ ಅವರದು ಕಲ್ಲಿನಂಥ ಹಟ. ಎಲ್ಲಕ್ಕಿಂತ ದೊಡ್ಡ ನಿಯಮ ಹೀಗಿದೆ: ಸುದ್ದಿ ಏನು ಹೇಳಿತೋ ಅದನ್ನು ಬರೆಯಬೇಕು, ನಿನಗೆ ಗೊತ್ತಿರುವುದನ್ನಲ್ಲ. ಇನ್ನೊಂದು: ಎಣಿಸುವವರು ಎಣಿಕೆಯ ದಿನ ರೇಡಿಯೊದವರಿಗೆ ಫೋನ್ ಮಾಡಬಾರದು, ಸುದ್ದಿಯೊಳಗೆ ಕೈಯಾಡಿಸಬಾರದು. ಕಳೆದ ಮೇ ತಿಂಗಳ ಐದನೇ ಎಣಿಕೆಯಲ್ಲಿ ಈ ಎರಡೂ ನಿಯಮಗಳು ಅವರ ಕೈಕಟ್ಟಿ ಹಾಕಿದವು.

ಅವತ್ತು ಮಂಗಳವಾರ. ಹಿಂದಿನ ಸಂಜೆ ಚಿಲ್ವಾ ಸರೋವರದಲ್ಲಿ ತೆಂಕಣ ಗಾಳಿ ಎದ್ದು, ದ್ವೀಪಕ್ಕೆ ಹೊರಟಿದ್ದ ಪ್ರಯಾಣಿಕರ ದೋಣಿ ಮಗುಚಿತ್ತು. ಬೆಳಗಿನ ವಾರ್ತೆಯ ಎರಡನೇ ಸುದ್ದಿ ಅದೇ. ನಚೆಂಬೆ ದಡದ ಮೀನುಗಾರ ವೈಸನ್ ನಮಾಂಜ ತಮ್ಮ ದೋಣಿಯಲ್ಲಿ ಹದಿನಾಲ್ಕು ಜನರನ್ನು ದಡ ಸೇರಿಸಿದ್ದಾರೆ ಎಂದು ವಾಚಕ ಓದಿದ. ದಡದ ಸಮಿತಿಯ ಅಧ್ಯಕ್ಷರು ಮೂವತ್ತೆಂಟು ಸೆಕೆಂಡು ಮಾತಾಡಿದರು. ಆಮೇಲೆ "ಘಟನೆಯನ್ನು ಕಣ್ಣಾರೆ ಕಂಡ ಮೀನುಗಾರನ ಪತ್ನಿ" ಎಂದು ಒಂದು ಹೆಣ್ಣುದನಿ ಬಂತು. "ಮೂರನೇ ಸಲ ನಾನು ದೋಣಿ ತಿರುಗಿಸೋವಾಗ ಕೋಲು ಕೆಸರಲ್ಲಿ ಸಿಕ್ಕಾಕ್ಕೊಂಡು," ಎನ್ನುವಷ್ಟರಲ್ಲಿ ಮಾತು ಕತ್ತರಿಸಿ ಮುಂದಿನ ಸುದ್ದಿಗೆ ಹೋದರು.

ಐದೂವರೆ ಸೆಕೆಂಡು. ತ್ರಿಫೋನಿಯಾ ಅವರ ಪೆನ್ಸಿಲ್ ಹಾಳೆಯ ಮೇಲೆ ನಿಂತಿತು. "ನಾನು ತಿರುಗಿಸೋವಾಗ ಅಂದಳು. ನೋಡಿದೆ ಅನ್ನಲಿಲ್ಲ. ದಡದಲ್ಲಿ ನಿಂತು ನೋಡಿದವಳಿಗೆ ಕೋಲು ಕೆಸರಲ್ಲಿ ಸಿಕ್ಕಿದ್ದು ಹೇಗೆ ಗೊತ್ತಾಗಬೇಕು? ದೋಣೀಲಿ ಇದ್ದಿದ್ದು ಇವಳೇ."

ಆದರೂ ಅವರು ಬರೆದದ್ದು ಇಷ್ಟು: ಹೆಂಗಸು, ಹೆಸರಿಲ್ಲ, ಹೆಂಡತಿಯೆಂದು ಗುರುತು, ಕಣ್ಣಾರೆ ಕಂಡವಳು, ಐದೂವರೆ ಸೆಕೆಂಡು. ಸುದ್ದಿ ಹೇಳಿದ್ದು ಅಷ್ಟೇ. ಅವತ್ತಿನ ಉಳಿದೆರಡು ವಾರ್ತೆಗಳಲ್ಲೂ ಅದೇ ಸುದ್ದಿ ಬಂತು, ಆದರೆ ಆ ದನಿ ಮತ್ತೆ ಬರಲಿಲ್ಲ. ಬುಧವಾರ ಬೆಳಿಗ್ಗೆ ಬೆಟ್ಟ ಹತ್ತಿ ಕಾಲೇಜಿಗೆ ಹೋಗಿ ಮಡಾಲೊ ಅವರ ಮೇಜಿನ ಮೇಲೆ ಹಾಳೆಗಳನ್ನಿಟ್ಟು, ಪಡೆದದ್ದಕ್ಕೆ ಸಹಿ ಹಾಕಿಸಿಕೊಂಡರು.

"ಹಾಳೆ ನಿಮ್ಮ ಕೈಗೆ ಬಂತಲ್ಲ ಮೇಡಂ?" ಎಂದು ಕೇಳಿದರಂತೆ.

"ಬಂತು."

"ಹಾಗಾದ್ರೆ ಇನ್ನು ನಾನು ಎಣಿಸೋಳಲ್ಲ, ಬರೀ ಮುದುಕಿ. ಮುದುಕಿ ನಚೆಂಬೆಗೆ ಮೀನು ತರೋಕೆ ಹೋಗಬಹುದು ತಾನೆ?"

ಮಡಾಲೊ ನಕ್ಕರು, ಬೇಡ ಎನ್ನಲಿಲ್ಲ.

ಗುರುವಾರ ಮುಂಜಾನೆ ತ್ರಿಫೋನಿಯಾ ಪಿಕಪ್ ಗಾಡಿಯ ಹಿಂಬದಿಯಲ್ಲಿ ಜೋಳದ ಮೂಟೆಗಳ ಮೇಲೆ ಕೂತು, ಆಮೇಲೆ ಸೈಕಲ್ ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಕೂತು, ಹತ್ತು ಗಂಟೆಗೆ ನಚೆಂಬೆ ದಡ ಮುಟ್ಟಿದರು. ಬಿದಿರಿನ ಅಟ್ಟಣೆಗಳ ಮೇಲೆ ಹೆಂಗಸರು ಸಣ್ಣ ಮೀನು ಹರವುತ್ತಿದ್ದರು. ಅವರು ಯಾರ ಹೆಸರನ್ನೂ ಕೇಳಲಿಲ್ಲ. ಅಟ್ಟಣೆಗಳ ನಡುವೆ ಸುಮ್ಮನೆ ನಡೆದರು. ಐದನೇ ಅಟ್ಟಣೆಯ ಹತ್ತಿರ ಒಬ್ಬಳು ನಾಯಿಯನ್ನು ಗದರುತ್ತಿದ್ದಳು. ಅದೇ ದನಿ.

"ಅಮ್ಮಾ, ಕೋಲು ಕೆಸರಲ್ಲಿ ಸಿಕ್ಕಾಕ್ಕೊಂಡು ಆಮೇಲೆ ಏನಾಯ್ತು?"

ಅವಳ ಹೆಸರು ಅಲೆಫಾ ನಮಾಂಜ. ನಲವತ್ತರ ಆಸುಪಾಸು. ಮೀನಿನ ಬುಟ್ಟಿ ಹಿಡಿದವಳು ಹಾಗೆಯೇ ನಿಂತು, ಈ ಅಪರಿಚಿತ ಮುದುಕಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನಿಮಗೆ ಹೇಗೆ ಗೊತ್ತು?"

"ರೇಡಿಯೊದಲ್ಲಿ ಅಷ್ಟೇ ಬಂತು. ಮಿಕ್ಕಿದ್ದು ಕೇಳೋಕೆ ಜೊಂಬಾದಿಂದ ಬಂದೆ."

"ಅದಕ್ಕೇ ಜೊಂಬಾದಿಂದ ಬಂದ್ರಾ? ಬೇರೆ ಕೆಲಸ ಇಲ್ವಾ ಅಜ್ಜಿ ನಿಮಗೆ?" ಎಂದವಳೇ ಬುಟ್ಟಿ ಇಳಿಸಿ ಕೂತಳು. "ಏನಾಗುತ್ತೆ, ಕೋಲು ಬಿಟ್ಟೆ. ನೀರಿಗಿಳಿದೆ. ಎದೆಮಟ್ಟ ನೀರು, ಕೆಳಗೆಲ್ಲ ಕೆಸರು. ದೋಣಿ ತಳ್ಕೊಂಡು ಬಂದೆ. ಒಳಗೆ ನಾಲ್ಕು ಜನ. ಅದರಲ್ಲೊಬ್ಬಳು ತುಂಬು ಬಸುರಿ, ದಾರಿಯುದ್ದಕ್ಕೂ ನನ್ನೇ ಬೈತಿದ್ದಳು, ಅಲುಗಾಡಿಸ್ತೀಯಾ ಅಂತ."

ಎರಡು ಸಲ ಐದೈದು ಜನ, ಮೂರನೇ ಸಲ ನಾಲ್ಕು. ಒಟ್ಟು ಹದಿನಾಲ್ಕು. ದೋಣಿ ಗಂಡನದು ನಿಜ. ಆದರೆ ವೈಸನ್ ಸೈಕಲ್ಲಿನಿಂದ ಬಿದ್ದು ಕಾಲು ಮುರಿದುಕೊಂಡು ಭಾನುವಾರದಿಂದ ಪಟ್ಟಣದ ಆಸ್ಪತ್ರೆಯಲ್ಲಿದ್ದರು. ಫೋನ್ ಮಾಡಿದ ವರದಿಗಾರನಿಗೆ ಅಲೆಫಾ ಎಲ್ಲವನ್ನೂ ಹೇಳಿದ್ದಳು. ಕೊನೆಯಲ್ಲಿ ಅವನು ದೋಣಿ ಯಾರದು ಎಂದು ಕೇಳಿದ. ಗಂಡನದು ಎಂದಳು. ಅವರ ಹೆಸರೇನು ಎಂದ. ಹೇಳಿದಳು.

"ಹೋಗ್ಲಿ ಬಿಡಿ ಅಜ್ಜಿ, ಹೆಸರು ಬಂದ್ರೆ ಮೀನು ಬೇಗ ಒಣಗುತ್ತಾ?" ಎಂದ ಅಲೆಫಾಳ ಮುಖ ಆಮೇಲೆ ಸ್ವಲ್ಪ ಬದಲಾಯಿತಂತೆ. ದಡದ ಗೋದಾಮಿನಲ್ಲಿ ಮಾರ್ಚ್ ತಿಂಗಳಿನಿಂದ ಒಂದು ಮೋಟಾರು ದೋಣಿ ಬೀಗದೊಳಗಿತ್ತು. ಗಾಳಿಗೆ ಸಿಕ್ಕವರನ್ನು ಕಾಪಾಡಲೆಂದು ಯಾರೋ ದಾನಿಗಳು ಕೊಟ್ಟದ್ದು. ಯಾರ ಸುಪರ್ದಿಗೆ ಕೊಡಬೇಕೆಂಬುದು ತೀರ್ಮಾನವಾಗದೆ ಅಲ್ಲೇ ಕೂತಿತ್ತು. ಮಂಗಳವಾರ ರೇಡಿಯೊ ಕೇಳಿದ ಸಮಿತಿ ತೀರ್ಮಾನಿಸಿಬಿಟ್ಟಿತು: ಹದಿನಾಲ್ಕು ಜನರನ್ನು ಉಳಿಸಿದ ವೈಸನ್‌ಗೇ ಬೀಗದ ಕೈ. ಶನಿವಾರ ಸಭೆ.

"ಅವರಿಗೆ ಅಲೆ ಕಂಡ್ರೆ ತಲೆ ತಿರುಗುತ್ತೆ," ಎಂದಳು ಅಲೆಫಾ. "ದೋಣಿ ಅವರದು, ನೀರಿಗೆ ಇಳಿಸೋಳು ನಾನು. ಇಡೀ ದಡಕ್ಕೆ ಗೊತ್ತು. ಆದ್ರೆ ನಾನೇ ಹೋಗಿ ಬೀಗದ ಕೈ ನನಗೆ ಕೊಡಿ ಅಂದ್ರೆ, ಗಂಡನ ಹೆಸರು ಕಿತ್ಕೊಳ್ತಾಳೆ ಅಂತಾರೆ. ಜೂನ್, ಜುಲೈ ಗಾಳಿ ಬರೋವರೆಗೂ ದೋಣಿ ಹಾಗೇ ಇರುತ್ತೆ. ಆಮೇಲೆ ಯಾರು ಸಾಯ್ತಾರೋ."

"ನೀನು ಏನೂ ಕೇಳೋದು ಬೇಡಮ್ಮ. ನಿನ್ನ ಮಾತು ಪೂರ್ತಿ ರೇಡಿಯೊದವರ ಹತ್ರ ಇದೆ. ಅದನ್ನ ಹಾಕಿದ್ರೆ ಸಾಕು," ಎಂದು ತ್ರಿಫೋನಿಯಾ ಒಂದು ಪೊಟ್ಟಣ ಮೀನು ಕೊಂಡು ಹೊರಟರು. ಮೀನು ತರಲು ಹೋಗುತ್ತೇನೆ ಎಂದಿದ್ದರಲ್ಲ.

ರೇಡಿಯೊ ಕೇಂದ್ರದ ಹೆಸರು ಬರೆಯಬೇಡ ಎಂದು ಅವರು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಅಲ್ಲಿ ನಡೆದದ್ದನ್ನು ನನಗೆ ಹೇಳಿದವರು ಅಲ್ಲಿನ ಸುದ್ದಿ ಸಂಪಾದಕ ವಿಟಾಲೆ ಕಲೊಂಗಾ. ಬಾಗಿಲಲ್ಲಿ ಒಬ್ಬ ಅಜ್ಜಿ ಕೂತಿದ್ದಾರೆ, ಮಂಗಳವಾರದ ಎರಡನೇ ಸುದ್ದಿಯ ಬಗ್ಗೆ ಮಾತಾಡಬೇಕಂತೆ ಎಂದು ಜವಾನ ಬಂದು ಹೇಳಿದಾಗ, ಯಾರೋ ಹರಕೆ ಹೊತ್ತವರಿರಬೇಕು ಅಂದುಕೊಂಡರಂತೆ.

"ಐದು ಸೆಕೆಂಡಿನ ಮಾತಿಗೆ ಇಷ್ಟು ದೂರ ಬಂದ್ರಾ ಅಜ್ಜಿ?" ಎಂದೆ ನಾನು, ಎನ್ನುತ್ತಾರೆ ಕಲೊಂಗಾ. "ಐದೂವರೆ ಅಂದ್ರು. ಕುರ್ಚಿ ಕೊಟ್ಟೆ. ದೂರು ಕೊಡೋಕೆ ಬಂದಿಲ್ಲ, ನಿಮ್ಮ ಹತ್ರ ಇರೋದನ್ನ ನೀವೇ ಕೇಳಿ ನೋಡಿ ಅಂದ್ರು, ಅಷ್ಟೇ."

ವರದಿಗಾರನ ಮೂಲ ಧ್ವನಿಮುದ್ರಣ ಹುಡುಕಿಸಿ ಹಾಕಿಸಿದರು. ನಾಲ್ಕು ನಿಮಿಷವಿತ್ತು. ನಾನು ಅಲೆಫಾ ನಮಾಂಜ ಎಂದೇ ಶುರುವಾಗಿತ್ತು. ಗಾಳಿಯ ದಿಕ್ಕು, ಮೊದಲ ಐವರು, ಆಮೇಲಿನ ಐವರು, ಕೆಸರು, ಬಸುರಿಯ ಬೈಗುಳ ಎಲ್ಲವೂ ಇತ್ತು. ಒಂದು ನಿಮಿಷದ ಸುದ್ದಿ ಮಾಡಬೇಕಿದ್ದವರು ಕೊನೆಯಲ್ಲಿದ್ದ ದೋಣಿಯ ಮಾಲೀಕನ ಹೆಸರನ್ನು ಮೇಲೆ ಇಟ್ಟು, ಉಳಿದದ್ದನ್ನು ಕತ್ತರಿಸಿದ್ದರು.

"ಯಾರೂ ಬೇಕೂಂತ ಮಾಡಿದ್ದಲ್ಲ," ಎಂದರು ಕಲೊಂಗಾ ನನಗೆ. "ಬೇಕೂಂತ ಮಾಡಿದ್ದಿದ್ರೆ ಬೈದು ಸುಮ್ಮನಾಗಬಹುದಿತ್ತು. ಅದನ್ನ ಕತ್ತರಿಸಿದ್ದು ನಾನೇ. ಕತ್ತರಿಸೋವಾಗ ಕೈ ಒಂಚೂರೂ ತಡೀಲಿಲ್ಲ. ಅವತ್ತು ಆ ಅಜ್ಜಿ ಎದುರಿಗೆ ಕೂತು ಅದನ್ನ ಕೇಳೋದು ಕಷ್ಟವಾಯ್ತು," ಎಂದರು.

ಸಂಜೆಯ ವಾರ್ತೆಯಲ್ಲಿ ತಪ್ಪಾಯಿತೆಂದು ಹೇಳಿ ಹೆಸರು ಓದಿಸುತ್ತೇನೆ ಎಂದು ಅವರು ಒಪ್ಪಿದರು. ತ್ರಿಫೋನಿಯಾ ಎದ್ದೇಳಲಿಲ್ಲ.

"ಹೆಸರು ನೀವು ಓದ್ತೀರಿ ಸಾರ್. ಮಾತು ಅವಳೇ ಆಡಲಿ."

ಶುಕ್ರವಾರ ಸಂಜೆ ಆರಕ್ಕೆ ಅದೇ ಧ್ವನಿಮುದ್ರಣದಲ್ಲಿ ಎರಡು ನಿಮಿಷ ಹತ್ತು ಸೆಕೆಂಡು ಅಲೆಫಾ ಮಾತಾಡಿದಳು. ನಚೆಂಬೆ ದಡದ ಚಹಾದಂಗಡಿಯಲ್ಲಿ ಜನ ನಿಂತು ಕೇಳಿದರು. ಅವಳು ಅಲ್ಲಿರಲಿಲ್ಲ, ಮನೆಯಲ್ಲಿ ಬಲೆ ಬಿಡಿಸುತ್ತಿದ್ದಳು. ಬಸುರಿಯ ಬೈಗುಳ ಬಂದಾಗ ಎದ್ದ ನಗು ಅಲ್ಲಿಯವರೆಗೆ ಕೇಳಿಸಿತಂತೆ.

ಶನಿವಾರದ ಸಭೆಗೆ ವೈಸನ್ ಆಸ್ಪತ್ರೆಯಿಂದ ನೇರವಾಗಿ ಊರುಗೋಲಿನಲ್ಲಿ ಬಂದರು. ಅಧ್ಯಕ್ಷರು ಕಾಗದ ತೆಗೆದು ಅವರ ಹೆಸರು ಓದಿದರು. ವೈಸನ್ ಎದ್ದು ನಿಂತರು. ಅವರ ಮಾತನ್ನು ನಾನು ಅವರ ಬಾಯಿಂದಲೇ ಕೇಳಿ ಬರೆದುಕೊಂಡಿದ್ದೇನೆ.

"ನಾನು ಮಂಚದ ಮೇಲೆ ಕಾಲು ನೇತುಹಾಕ್ಕೊಂಡು ಮಲಗಿದ್ದೆ. ನರ್ಸ್ ಓಡಿಬಂದು ಕೈ ಕುಲುಕಿ, ಹದಿನಾಲ್ಕು ಜನರನ್ನ ಉಳಿಸಿದ್ರಂತೆ ಅಂದಳು. ನಾನು ಯಾವಾಗ ಅಂತ ಕೇಳಿದೆ. ನಿನ್ನೆ ಸಂಜೆ ಅಂದಳು. ನಿನ್ನೆ ಸಂಜೆ ನೀನೇ ಅಲ್ವೇನಮ್ಮ ನನಗೆ ಸೂಜಿ ಚುಚ್ಚಿದ್ದು ಅಂದೆ. ಆದರೂ ಎರಡು ದಿನ ವಾರ್ಡಿನವರೆಲ್ಲ ಚಹಾ ತಂದುಕೊಟ್ರು. ಕುಡಿದೆ, ಸುಳ್ಳು ಹೇಳಲ್ಲ. ಈಗ ಈ ಬೀಗದ ಕೈ ನನಗೆ ಕೊಟ್ರೆ ಮುಂದಿನ ಗಾಳಿಗೆ ನೀವೆಲ್ಲ ಮುಳುಗ್ತೀರಿ. ಅವಳಿಗೆ ಕೊಡಿ."

ಸಭೆ ನಕ್ಕಿತು. ಅಧ್ಯಕ್ಷರು ನಗಲಿಲ್ಲ. ಕಾಗದ ಟೈಪಾಗಿದೆ, ಮುದ್ರೆ ಬಿದ್ದಿದೆ, ಈಗ ಬದಲಾಯಿಸಲಾಗದು ಎಂದರು. ಬಹಳ ಹೊತ್ತಿನ ಮಾತುಕತೆಯ ಮೇಲೆ ಕಾಗದದಲ್ಲಿ ವೈಸನ್ ಹೆಸರು ಹಾಗೆಯೇ ಉಳಿಯಿತು, ಬೀಗದ ಕೈ ಅಲೆಫಾಳ ಕೊರಳಿಗೆ ಹೋಯಿತು. ಜುಲೈ ತಿಂಗಳಲ್ಲಿ ಗಾಳಿ ಎರಡು ಸಲ ಎದ್ದಿತು. ಅಲೆಫಾ ಎರಡು ಸಲವೂ ದೋಣಿ ಇಳಿಸಿ, ಒಟ್ಟು ಆರು ಜನರನ್ನು ತಂದಳು. ಎರಡನೇ ಸಲದ ಸುದ್ದಿಯಲ್ಲಿ ಅವಳ ಹೆಸರು ಮೊದಲ ವಾಕ್ಯದಲ್ಲೇ ಇತ್ತು.

ನಾನು ಮಡಾಲೊ ಅವರನ್ನು ಕಾಣಲು ಹೋದದ್ದು ಆ ಹಾಳೆಯ ಬಗ್ಗೆ ಕೇಳಲು. ತಪ್ಪು ತಿದ್ದಿದ ಮೇಲೆ ಎಣಿಕೆಯಲ್ಲಿ ಅಲೆಫಾಳ ಗುರುತನ್ನೂ ತಿದ್ದಿದರೇ? ಮಡಾಲೊ ಇಲ್ಲವೆಂದು ತಲೆಯಾಡಿಸಿದರು. ಹಾಳೆಗಳು ಆಗ ಇನ್ನೂ ಜೊಂಬಾ ಬಿಟ್ಟಿರಲಿಲ್ಲ. ವಿದ್ಯಾರ್ಥಿಗಳೆಲ್ಲ ತಿದ್ದೋಣ ಎಂದರು. ಹೆಸರಿದೆ, ಕಾಪಾಡಿದವಳು ಎಂದು ಬರೆಯೋಣ ಎಂದರು. ಒಪ್ಪದಿದ್ದವರು ತ್ರಿಫೋನಿಯಾ ಒಬ್ಬರೇ.

"ಮಂಗಳವಾರ ರೇಡಿಯೊ ಹೇಳಿದ್ದು ಹೇಳಿದ್ದೇ," ಎಂದು ನನಗೂ ಅವರು ಅದನ್ನೇ ಹೇಳುತ್ತಾರೆ. "ಶುಕ್ರವಾರ ಚೆನ್ನಾಗಿ ಹೇಳಿದ್ರು ಅಂತ ಮಂಗಳವಾರವನ್ನ ತೊಳೆಯೋಕಾಗುತ್ತಾ? ನಾನು ಹೋಗದೇ ಇದ್ದಿದ್ರೆ ಆ ಶುಕ್ರವಾರವೇ ಇರ್ತಿರಲಿಲ್ಲ. ಬೇರೆ ದೇಶಗಳಲ್ಲಿ ಅಂಥ ಎಷ್ಟು ಜನ ಇದಾರೋ, ಅವರ ದಡಕ್ಕೆ ಯಾರೂ ಹೋಗಿರಲ್ಲ. ಅವರ ಜೊತೆ ಇವಳೂ ಇರಲಿ. ಇಲ್ಲಾಂದ್ರೆ ಎಣಿಕೆ ಸುಳ್ಳಾಗುತ್ತೆ."

ಹಾಗಾಗಿ ಜಗತ್ತಿನ ಆ ದೊಡ್ಡ ಮೊತ್ತದೊಳಗೆ ಅಲೆಫಾ ನಮಾಂಜ ಇಂದಿಗೂ ಹೆಸರಿಲ್ಲದ ಒಬ್ಬ ಹೆಂಡತಿ, ಕಣ್ಣಾರೆ ಕಂಡವಳು. ಅಲೆಫಾಳಿಗೆ ಇದನ್ನು ಹೇಳಿದಾಗ, "ಅಜ್ಜಿ ಹಾಗಂದ್ರೆ ಹಾಗೇ ಇರಲಿ ಬಿಡಿ. ಅವರು ಲೆಕ್ಕ ತಪ್ಪೋರಲ್ಲ," ಎಂದಳು.

ತ್ರಿಫೋನಿಯಾ ಅವರ ಬಲಕಿವಿ ಎರಡು ವರ್ಷದಿಂದ ಮಂದವಾಗುತ್ತಿದೆ. ಇಪ್ಪತ್ತೆರಡು ವರ್ಷ ಹೆಡ್‌ಸೆಟ್ ಒತ್ತಿದ ಕಿವಿ ಅದು. ಇದನ್ನು ಅವರೇ ಮಡಾಲೊಗೆ ತಿಳಿಸಿ, ತಮ್ಮನ್ನು ಪರೀಕ್ಷಿಸಬೇಕೆಂದು ಹಟ ಹಿಡಿದರು. ಈಗ ಪ್ರತಿ ತಿಂಗಳು ಒಂದು ವಾರ್ತೆಯನ್ನು ಅವರೂ ಒಬ್ಬ ವಿದ್ಯಾರ್ಥಿನಿಯೂ ಬೇರೆಬೇರೆ ಕೂತು ಎಣಿಸಿ ಹಾಳೆ ಹೋಲಿಸುತ್ತಾರೆ. ಇಲ್ಲಿಯವರೆಗೆ ಇಬ್ಬರಿಗೂ ಹೊಂದಿಕೆಯಾಗದ್ದು ಮೂರು ಕಡೆ. ಮೂರರಲ್ಲೂ ಟೇಪ್ ಹಾಕಿದಾಗ ಸರಿಯಿದ್ದದ್ದು ತ್ರಿಫೋನಿಯಾ. ಇದನ್ನು ಅವರು ಹೇಳಲಿಲ್ಲ, ವಿದ್ಯಾರ್ಥಿನಿ ಹೇಳಿದಳು. "ಎಡಗಿವಿಗೆ ಇನ್ನೂ ಕೆಲಸದ ಆಸೆ ಇದೆ," ಎಂ‌ದಷ್ಟೇ ಅವರು ಹೇಳುತ್ತಾರೆ.

ನಿಮಗೇನಾದರೂ ಆಸೆಯಿದೆಯೇ ಎಂದು ಕೇಳಿದೆ. ಹೊಸ ರೇಡಿಯೊ ಎನ್ನುತ್ತಾರೆಂದು ಎಣಿಸಿದ್ದೆ. ಅವರು ಒಳಗೆ ಹೋಗಿ ಒಂದು ಪತ್ರದ ನಕಲು ತಂದರು. ಎಣಿಕೆಯ ಹಾಳೆ ತಯಾರಿಸುವವರಿಗೆ ಅವರು ಹೇಳಿ ಬರೆಸಿದ, ಮಡಾಲೊ ಕಳಿಸಿಕೊಟ್ಟ ನಾಲ್ಕು ಸಾಲಿನ ಪತ್ರ. ಮುಂದಿನ ಸಲ ಮೂವತ್ತೆರಡನೇ ಪ್ರಶ್ನೆಯೊಂದನ್ನು ಸೇರಿಸಬೇಕು ಎಂದು ಅದರಲ್ಲಿದೆ: ಅವಳಿಗೆ ಮಾತು ಮುಗಿಸಲು ಬಿಟ್ಟರೇ, ಇಲ್ಲವೇ?

ಉತ್ತರ ಇನ್ನೂ ಬಂದಿಲ್ಲ. ಅಷ್ಟು ದೇಶಗಳವರು ಬಳಸುವ ಹಾಳೆ ಬೇಗ ಬದಲಾಗುವುದಿಲ್ಲ ಎಂದು ಅವರಿಗೂ ಗೊತ್ತು. ಅಲ್ಲಿಯವರೆಗೆ ತಮ್ಮ ಹಾಳೆಯ ಬಲಗಡೆಯ ಅಂಚಿನಲ್ಲಿ ಆ ಪ್ರಶ್ನೆಗೆಂದು ಅವರೇ ಒಂದು ಗೆರೆ ಎಳೆದುಕೊಂಡಿದ್ದಾರೆ. ಯಾರೂ ಕೇಳದ ಲೆಕ್ಕ ಅದು, ಎಲ್ಲಿಗೂ ಹೋಗುವುದಿಲ್ಲ. ಮೊನ್ನೆ ಮಧ್ಯಾಹ್ನದ ವಾರ್ತೆಯ ಸಾಲಿನಲ್ಲಿ, ಆ ಅಂಚಿನಲ್ಲಿ, ಒಂದು ಗುರುತಿದೆ.

"ಸೂಲಗಿತ್ತಿ ಒಬ್ಬಳು," ಎಂದು ಬೆರಳಿಟ್ಟು ತೋರಿಸುತ್ತಾರೆ. "ಹದಿನೇಳು ಸೆಕೆಂಡು. ಪೂರ್ತಿ ಹೇಳಿ ಮುಗಿಸಿದಳು. ಮುಗಿಸಿ ಉಸಿರು ಎಳ್ಕೊಂಡಿದ್ದೂ ಕೇಳಿಸ್ತು."